ಹಿಮ್ಮಡಿಯ ನೋವಿಗೆ ಮೀನಖಂಡಕ್ಕೆ ಇಂಜೆಕ್ಷನ್: ನನ್ನ ಅನುಭವ

ಹಿಮ್ಮಡಿ ನೋವೆಂದು ನನ್ನ ಬಳಿಗೆ ಬರುವವರಲ್ಲಿ ಹೆಚ್ಚಿನವರು ಎಕ್ಸ್‌ರೇ ಹಿಡಿದುಕೊಂಡೇ ಬಂದು, ‘ಮೂಳೆ ಬೆಳೆದಿದೆಯಂತೆ ಡಾಕ್ಟ್ರೇ’ ಎನ್ನುತ್ತಾರೆ. ನೋವೇ ಇಲ್ಲದ ಎಷ್ಟೋ ಜನರ ಹಿಮ್ಮಡಿಯಲ್ಲಿಯೂ ಅಂಥ ಮೊನೆ ಕಾಣಿಸುವುದರಿಂದ ನಾನು ಅದನ್ನು ಬದಿಗಿಟ್ಟು ಮೀನಖಂಡವನ್ನು ಪರೀಕ್ಷಿಸುತ್ತೇನೆ. ಮಂಡಿ ನೇರವಾಗಿರುವಾಗ ಮೇಲಕ್ಕೆ ಬಾಗದ ಪಾದವು ಮಂಡಿ ಮಡಿಸಿದ ಕೂಡಲೇ ಸಲೀಸಾಗಿ ಬಾಗಿದರೆ, ಬಿಗಿಯಿರುವುದು ಮಂಡಿಯ ಮೇಲಿನಿಂದ ಹೊರಡುವ ಗ್ಯಾಸ್ಟ್ರೊಕ್ನೀಮಿಯಸ್ ಸ್ನಾಯುವಿನಲ್ಲಿ ಎಂದು ತಿಳಿಯುತ್ತದೆ. ಆ ಸ್ನಾಯು ಹಿಮ್ಮಡಿಯನ್ನು ಮೇಲಕ್ಕೆಳೆದಷ್ಟೂ ಅಂಗಾಲಿನ ಪ್ಲಾಂಟರ್ ಫೇಶಿಯಾ ಎಂಬ ಗಟ್ಟಿ ಪಟ್ಟಿ ಪ್ರತಿ ಹೆಜ್ಜೆಗೂ ಹೆಚ್ಚು ಜಗ್ಗುತ್ತದೆ. ನೋವಿರುವುದು ಕೆಳಗೆ, ಅದನ್ನು ಆರಗೊಡದ ಬಿಗಿತವಿರುವುದು ಮೇಲೆ.

ಬಹುಪಾಲು ಜನರಿಗೆ ಒಂದು ವರ್ಷದೊಳಗೆ ವ್ಯಾಯಾಮ ಮತ್ತು ಮೆತ್ತನೆಯ ಪಾದರಕ್ಷೆಯಿಂದಲೇ ವಾಸಿಯಾಗುತ್ತದೆ. ಆದ್ದರಿಂದ ಕನಿಷ್ಠ ಆರು ತಿಂಗಳು ಸರಿಯಾಗಿ ವ್ಯಾಯಾಮ ಮಾಡಿಯೂ ಬೆಳಗಿನ ಮೊದಲ ಹೆಜ್ಜೆ ಊರಲಾಗದವರಿಗೆ ಮಾತ್ರ ನಾನು ಬಿಗಿದ ಸ್ನಾಯುವನ್ನು ಕೆಲಕಾಲ ಸಡಿಲಿಸುವ ಬೊಟುಲಿನಮ್ ಟಾಕ್ಸಿನ್ ಇಂಜೆಕ್ಷನ್ನಿನ ಮಾತೆತ್ತುತ್ತೇನೆ. ಹಿಮ್ಮಡಿಗೆ ಕೊಡುವ ಸ್ಟೀರಾಯ್ಡ್ ಇಂಜೆಕ್ಷನ್ ಬೇಗ ನೋವಿಳಿಸುತ್ತದೆ, ನಿಜ. ಆದರೆ ಅದನ್ನು ಮತ್ತೆ ಮತ್ತೆ ಚುಚ್ಚಿದರೆ ಹಿಮ್ಮಡಿಯ ಕೊಬ್ಬಿನ ಮೆತ್ತೆ ಸವೆಯುವ, ಫೇಶಿಯಾ ಹರಿಯುವ ಅಪಾಯವಿದೆ. ಹಾಗೆ ಸವೆದ ಹಿಮ್ಮಡಿಗಳನ್ನು ಕಂಡಿರುವುದರಿಂದ ಈ ವಿಷಯದಲ್ಲಿ ನಾನು ಕಟ್ಟುನಿಟ್ಟು.

ದಿನವಿಡೀ ನಿಂತೇ ಪಾಠ ಮಾಡುವ, ಮನೆಯಲ್ಲಿ ಗ್ರಾನೈಟ್ ನೆಲದ ಮೇಲೆ ಬರಿಗಾಲಲ್ಲಿ ಓಡಾಡುವ ಶಿಕ್ಷಕಿಯೊಬ್ಬರಿಗೆ ಇದನ್ನು ಸೂಚಿಸಿದಾಗ ಅವರು, ‘ಇದು ಮುಖದ ಸುಕ್ಕಿಗೆ ಹಾಕೋದಲ್ವಾ ಸರ್?’ ಎಂದು ಕೇಳಿದರು. ಔಷಧ ಅದೇ. ಸ್ನಾಯುವಿಗೆ ಬಿಗಿಯಾಗಲು ಸಂದೇಶ ಕೊಡುವ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕ ನರದ ತುದಿಯಿಂದ ಹೊರಬರದಂತೆ ಅದು ತಡೆಯುವುದರಿಂದ ಸ್ನಾಯು ಸುಮಾರು ಮೂರು ತಿಂಗಳು ಸಡಿಲವಾಗಿರುತ್ತದೆ. ಹಿಮ್ಮಡಿ ನೋವಿಗೆ ಇದು ಅಧಿಕೃತವಾಗಿ ಅನುಮೋದಿತ ಬಳಕೆಯಲ್ಲ ಎಂಬುದನ್ನೂ ಅವರಿಗೆ ವಿವರಿಸಿ ಲಿಖಿತ ಒಪ್ಪಿಗೆ ಪಡೆದೆ. ಗರ್ಭಿಣಿಯರಿಗೂ, ಸ್ನಾಯುಗಳು ಬೇಗ ಸೋಲುವ ಮಯಸ್ತೇನಿಯಾ ಗ್ರೇವಿಸ್ ಎಂಬ ಕಾಯಿಲೆ ಇರುವವರಿಗೂ ನಾನು ಇದನ್ನು ಕೊಡುವುದಿಲ್ಲ.

ಫ್ರಿಜ್ಜಿನಿಂದ ತೆಗೆದ ಸೀಸೆಗೆ ಸಲೈನನ್ನು ರಭಸದಿಂದ ತಳ್ಳದೆ, ಒಳಗೋಡೆಯ ಗುಂಟ ಇಳಿಯಬಿಟ್ಟು, ಕುಲುಕದೆ ಮೆಲ್ಲನೆ ತಿರುಗಿಸುತ್ತೇನೆ. ಒಂದು ಕಂಪನಿಯ ಯೂನಿಟ್ ಇನ್ನೊಂದರ ಯೂನಿಟ್ಟಿಗೆ ಸಮವಲ್ಲವಾದ್ದರಿಂದ ಸೀಸೆಯ ಹೆಸರನ್ನು ಎರಡು ಸಲ ಓದುತ್ತೇನೆ. ಶಿಕ್ಷಕಿಯವರನ್ನು ಬೋರಲು ಮಲಗಿಸಿ, ಪಾದಗಳನ್ನು ಮಂಚದ ಅಂಚಿನಿಂದ ಇಳಿಬಿಡಲು ಹೇಳಿ, ಬೆರಳ ತುದಿಯಲ್ಲಿ ನಿಲ್ಲುವವರಂತೆ ಪಾದವನ್ನು ಒತ್ತಿಸಿದಾಗ ಮೀನಖಂಡದ ಸ್ನಾಯುವಿನ ಎರಡೂ ದಪ್ಪ ಭಾಗಗಳು ಉಬ್ಬಿ ಕಂಡವು. ಅಲ್ಲಿ ಗುರುತು ಹಾಕಿ, ಅಲ್ಟ್ರಾಸೌಂಡಿನಲ್ಲಿ ಸೂಜಿಯ ಮೊನೆಯನ್ನು ನೋಡುತ್ತಾ, ಪ್ರತಿ ಬಾರಿಯೂ ರಕ್ತ ಬರುತ್ತಿಲ್ಲವೆಂದು ಖಚಿತಪಡಿಸಿಕೊಂಡು, ಔಷಧವನ್ನು ಹಲವೆಡೆ ಹಂಚಿ ಕೊಟ್ಟೆ.

ಮೊದಲ ಕೆಲವು ದಿನ ಏನೂ ಬದಲಾಗುವುದಿಲ್ಲವೆಂದು ಮುಂಚೆಯೇ ಹೇಳಿರಬೇಕು. ಇಲ್ಲವಾದರೆ ಜನ ಧೈರ್ಯಗೆಡುತ್ತಾರೆ. ಪೂರ್ಣ ಪರಿಣಾಮ ಎರಡರಿಂದ ನಾಲ್ಕು ವಾರಗಳಲ್ಲಿ ತಿಳಿಯುತ್ತದೆ. ಮೆಟ್ಟಿಲು ಹತ್ತುವಾಗ ಕಾಲು ಸೋತಂತಾಗುತ್ತದೆ ಎಂದು ಶಿಕ್ಷಕಿ ಫೋನಿನಲ್ಲಿ ಹೇಳಿದರು, ಅದು ನಿರೀಕ್ಷಿತವೇ. ಸ್ನಾಯು ಸಡಿಲಗೊಂಡ ಆ ಅವಧಿಯಲ್ಲಿ, ಗೋಡೆಗೆ ಕೈಯೂರಿ ಹಿಂದಿನ ಕಾಲಿನ ಹಿಮ್ಮಡಿಯನ್ನು ನೆಲದಿಂದ ಎತ್ತದೆ ಮೀನಖಂಡ ಹಿಗ್ಗಿಸುವುದನ್ನೂ, ಬೆಳಿಗ್ಗೆ ಹಾಸಿಗೆ ಬಿಡುವ ಮೊದಲು ಕಾಲ್ಬೆರಳುಗಳನ್ನು ಹಿಂದಕ್ಕೆಳೆದು ಅಂಗಾಲು ಹಿಗ್ಗಿಸುವುದನ್ನೂ ಅವರು ತಪ್ಪಿಸಲಿಲ್ಲ. ಔಷಧದ ಪ್ರಭಾವ ಕಳೆದ ಮೇಲೂ ಅವರ ಪಾದ ಬಾಗುತ್ತಿತ್ತು, ನೋವು ಮರಳಲಿಲ್ಲ. ವ್ಯಾಯಾಮ ಬಿಟ್ಟ ಕೆಲವರಿಗೆ ನೋವು ಮರಳಿದ್ದನ್ನೂ ನೋಡಿದ್ದೇನೆ.

ಅಧ್ಯಯನಗಳು ಒಂದೇ ಮಾತು ಹೇಳುವುದಿಲ್ಲ. 2005ರ ಅಮೆರಿಕದ ಸಣ್ಣ ಅಧ್ಯಯನದಲ್ಲಿ ಪಾದಕ್ಕೇ 70 ಯೂನಿಟ್ ಕೊಟ್ಟವರ ನೋವು ಇಳಿಯಿತು. 2012ರ ಜರ್ಮನಿಯ ಅಧ್ಯಯನದಲ್ಲಿ ಹುಸಿಮದ್ದಿಗೂ ಇದಕ್ಕೂ ಗಣನೀಯ ವ್ಯತ್ಯಾಸ ಸಿಗಲಿಲ್ಲ. 2013ರಲ್ಲಿ ಮೆಕ್ಸಿಕೋದ ವೈದ್ಯರು ಮೀನಖಂಡಕ್ಕೆ ಚುಚ್ಚಿ, ವ್ಯಾಯಾಮವನ್ನೂ ಮಾಡಿಸಿ, ಸ್ಟೀರಾಯ್ಡಿಗಿಂತ ಉತ್ತಮ ಫಲ ಕಂಡರು. ನಾನು ಅನುಸರಿಸುವುದು ಈ ಕೊನೆಯ ದಾರಿಯನ್ನು. ಮಂಡಿ ನೇರವಿದ್ದಾಗಲೂ ಪಾದ ಚೆನ್ನಾಗಿ ಬಾಗುವವರಿಗೆ ಮಾತ್ರ ಈ ದುಬಾರಿ ಇಂಜೆಕ್ಷನ್ ಬೇಡವೆಂದು ಹೇಳಿ, ನರದ ಒತ್ತಡವೋ, ಮೂಳೆಯ ಸೂಕ್ಷ್ಮ ಬಿರುಕೋ, ಸಂಧಿವಾತವೋ ಎಂದು ಬೇರೆ ಕಾರಣಗಳನ್ನು ಹುಡುಕುತ್ತೇನೆ.