ಹಳೇ ಸ್ವೆಟರ್‌ನ್ನು ಮಷಿನ್‌ಗೆ ಹಾಕುವ ಮೊದಲು

ಅಗಲ ಕಾಲಿನ ಪ್ಯಾಂಟು ಮತ್ತೆ ಬಂದಿದೆ. ಕಾರ್ಡುರಾಯ್ ಬಂದಿದೆ. ದೊಡ್ಡ ಚುಕ್ಕಿಯ ಫ್ರಾಕು, ಕೊರಳಿಗೆ ರೇಷ್ಮೆ ಸ್ಕಾರ್ಫು, ಅರ್ಧ ಮುಖ ಮುಚ್ಚುವ ಕೂಲಿಂಗ್ ಗ್ಲಾಸು, ಎದೆಗೆ ಬ್ರೂಚು, ಎಲ್ಲವೂ ಬಂದಿವೆ. ಚಳಿ ಶುರುವಾದರೆ ಸಾಕು, ಕೈಯಲ್ಲಿ ಹೆಣೆದ ಹಳೇ ಸ್ವೆಟರ್‌ಗೆ ಎಲ್ಲಿಲ್ಲದ ಬೇಡಿಕೆ. 1970ರ ದಶಕದಲ್ಲಿ ನಾವು ಬೆಲ್ ಬಾಟಮ್ ಹಾಕಿದಾಗ ‘ಇದೇನು, ಬೀದಿ ಗುಡಿಸೋಕಾ?’ ಅಂತ ಹಿರಿಯರು ಬೈದಿದ್ದರು. ಈಗ ಅದೇ ಪ್ಯಾಂಟನ್ನು ಮೊಮ್ಮಕ್ಕಳು ಟ್ರಂಕು ಕೆದಕಿ ತೆಗೆಯುತ್ತಾರೆ. ತೆಗೆಯಲಿ, ನನಗೆ ಖುಷಿಯೇ. ಆದರೆ ತೆಗೆದವರು ಆಮೇಲೆ ಮಾಡುವುದೇನು? ನೇರ ವಾಷಿಂಗ್ ಮಷಿನ್‌ಗೆ ತುರುಕುವುದು. ಯಾರೋ ಚಳಿಗಾಲವಿಡೀ ಕೂತು ಹೆಣೆದ ಸ್ವೆಟರ್ ಒಂದು ಗಂಟೆಯಲ್ಲಿ ಕುಗ್ಗಿ ಮಗುವಿನ ಅಳತೆಗೆ ಬಂದಿರುತ್ತದೆ. ‘ಅಜ್ಜಿ, ಇದನ್ನ ಸರಿ ಮಾಡಿಕೊಡಿ’ ಅಂತ ಆಮೇಲೆ ನನ್ನ ಹತ್ತಿರ ಬರುವುದು. ಅದು ಸರಿಯಾಗುವುದಿಲ್ಲ ಮಕ್ಕಳೇ. ಯಾಕೆ ಆಗುವುದಿಲ್ಲ ಅನ್ನುವುದನ್ನೂ ಹೇಳುತ್ತೇನೆ.

ಮೊದಲು ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿ. ತೂತು, ಸವೆದ ಮೊಣಕೈ, ಸಡಿಲವಾದ ಹೊಲಿಗೆ ಎಲ್ಲ ಅಲ್ಲೇ ಕಾಣುತ್ತದೆ. ಸೊಂಟದ ಎಲಾಸ್ಟಿಕ್ ಎಳೆದಾಗ ಕರಕರ ಸದ್ದು ಬಂದರೆ ಅದರ ಆಯಸ್ಸು ಮುಗಿದಿದೆ, ಬದಲಾಯಿಸಿ. ಬಿಗಿ ಆಯಿತು ಅಂತ ಬಟ್ಟೆಯನ್ನೇ ಬದಿಗೆ ಎಸೆಯಬೇಡಿ. ಒಳಗಿನ ಹೊಲಿಗೆ ತಿರುಗಿಸಿ ನೋಡಿ. ಹಿಂದೆಲ್ಲ ದರ್ಜಿಗಳು ಒಂದು ಬೆರಳಿನಷ್ಟು ಅಗಲ ಬಟ್ಟೆ ಒಳಗೆ ಬಿಟ್ಟೇ ಹೊಲಿಯುತ್ತಿದ್ದರು. ಬಿಚ್ಚಿದರೆ ಸಲೀಸಾಗಿ ದೊಡ್ಡದಾಗುತ್ತದೆ. ಇವತ್ತಿನ ರೆಡಿಮೇಡ್‌ನಲ್ಲಿ ಆ ಬಟ್ಟೆಯನ್ನೇ ಕತ್ತರಿಸಿ, ಎಳೆ ಬಿಡದ ಹಾಗೆ ಅಂಚಿಗೆ ಓವರ್‌ಲಾಕ್ ಹೊಲಿಗೆ ಹಾಕಿಬಿಟ್ಟಿರುತ್ತಾರೆ.

ಹಳೇದು ತಿರುಗಿ ಬರುವುದು ಈಗಿನ ಕಥೆಯೇನೂ ಅಲ್ಲ. 1947ರಲ್ಲಿ ಪ್ಯಾರಿಸ್ಸಿನಲ್ಲಿ ಕ್ರಿಶ್ಚಿಯನ್ ಡಿಯೋರ್ ಎಂಬ ವಸ್ತ್ರ ವಿನ್ಯಾಸಕ ಸೊಂಟ ಬಿಗಿದು, ಕೆಳಗೆ ಮೀಟರುಗಟ್ಟಲೆ ಬಟ್ಟೆ ಹರಡುವ ಸ್ಕರ್ಟು ತಂದಾಗ ಜಗತ್ತೆಲ್ಲ ಅದನ್ನು ಹೊಸತು ಅಂದಿತು. ಆಕಾರ ಮಾತ್ರ ಅವರ ಅಜ್ಜಿಯರ ಕಾಲದ್ದೇ. ಯುದ್ಧದ ವರ್ಷಗಳಲ್ಲಿ ರೇಷನ್ ಬಟ್ಟೆ ಉಟ್ಟು ಬೇಸತ್ತವರಿಗೆ ಅಷ್ಟೊಂದು ನೆರಿಗೆ ನೋಡುವುದೇ ಹಬ್ಬವಾಗಿತ್ತು. ಇಂಥ ಅಗಲ ಸ್ಕರ್ಟು ನಿಮ್ಮ ಕೈಗೆ ಸಿಕ್ಕರೆ ಒದ್ದೆಯಾಗಿರುವಾಗ ತೂಗುಹಾಕಬೇಡಿ. ನೀರಿನ ಭಾರಕ್ಕೆ ಅಂಚು ಒಂದು ಕಡೆ ಇಳಿದುಬಿಡುತ್ತದೆ.

ಇನ್ನು ಉಣ್ಣೆ. ಉಣ್ಣೆ ಅಂದರೆ ಕೂದಲು, ಅಷ್ಟೇ. ಒಂದೊಂದು ಎಳೆಯ ಮೈಮೇಲೂ ಕಣ್ಣಿಗೆ ಕಾಣದಷ್ಟು ಸಣ್ಣ ಪದರಗಳಿವೆ. ಬಿಸಿನೀರು, ಸೋಪು, ಉಜ್ಜಾಟ ಒಟ್ಟಿಗೆ ಸೇರಿದರೆ ಆ ಪದರಗಳು ಒಂದಕ್ಕೊಂದು ಸಿಕ್ಕಿಕೊಂಡು ಗಟ್ಟಿಯಾಗುತ್ತವೆ. ಮತ್ತೆ ಬಿಡಿಸಿಕೊಳ್ಳುವುದಿಲ್ಲ. ಆದ್ದರಿಂದಲೇ ಕುಗ್ಗಿದ ಸ್ವೆಟರ್ ತಂದು ನನ್ನ ಮುಂದೆ ಹಿಡಿದರೆ ನಾನೇನೂ ಮಾಡಲಾರೆ.

ನನ್ನ ಸೋದರತ್ತೆ ಒಂದು ಪದ್ಧತಿ ಇಟ್ಟುಕೊಂಡಿದ್ದರು. ನಾನೂ ಅದನ್ನೇ ಮಾಡುತ್ತೇನೆ, ಬೇರೆ ಯಾವುದನ್ನೂ ನಂಬುವುದಿಲ್ಲ. ಒಂದು ಹಳೇ ಬಿಳಿ ಬೆಡ್‌ಶೀಟ್ ತೆಗೆದುಕೊಳ್ಳಿ. ಒಗೆದು ಒಗೆದು ಮೆತ್ತಗಾಗಿದ್ದಷ್ಟೂ ಒಳ್ಳೆಯದು. ಸ್ವೆಟರ್ ಇನ್ನೂ ಒಣಗಿರುವಾಗಲೇ, ನೀರು ಮುಟ್ಟಿಸುವ ಮೊದಲೇ, ಅದನ್ನು ಆ ಶೀಟಿನ ಮೇಲೆ ಮಲಗಿಸಿ. ಎಳೆಯಬೇಡಿ, ಒತ್ತಬೇಡಿ. ತೋಳು ತಾನಾಗಿ ಎಲ್ಲಿ ಬೀಳುತ್ತದೋ ಅಲ್ಲೇ ಇರಲಿ. ಕೆಳಗಿನ ಪಟ್ಟಿ, ಮುಂಗೈ ಪಟ್ಟಿ ಸ್ವಲ್ಪ ಒಳಗೆ ಕುಗ್ಗಿಕೊಂಡಿರುತ್ತವೆ, ಹಾಗೇ ಬಿಡಿ. ಈಗ ಸೀಸದ ಕಡ್ಡಿಯಿಂದ ಸುತ್ತಲೂ ಗೆರೆ ಎಳೆಯಿರಿ. ಕತ್ತಿನ ಹಳ್ಳ, ಕಂಕುಳಿನ ಮೂಲೆ, ತೋಳಿನ ತುದಿ, ಇವು ಮೂರನ್ನೂ ಸರಿಯಾಗಿ ಗುರುತು ಮಾಡಿ. ಸ್ವೆಟರ್ ಎತ್ತಿಟ್ಟು, ಆ ಗೆರೆಯ ಮೇಲೆ ಬಣ್ಣ ಬಿಡದ ದಾರದಲ್ಲಿ ಉದ್ದುದ್ದ ಕಚ್ಚಾ ಹೊಲಿಗೆ ಹಾಕಿ. ಪೆನ್ಸಿಲ್ ಗೆರೆ ಒಂದೇ ಒಗೆತಕ್ಕೆ ಹೋಗುತ್ತದೆ, ದಾರ ಉಳಿಯುತ್ತದೆ. ‘ಇಷ್ಟೆಲ್ಲ ಯಾರು ಮಾಡ್ತಾರೆ?’ ಅಂತ ನೀವು ಕೇಳುತ್ತೀರಿ, ಗೊತ್ತು. ಮೂರು ತಾಸು ಮೊಬೈಲ್ ನೋಡುವವರಿಗೆ ಅರ್ಧ ಗಂಟೆಯ ಹೊಲಿಗೆ ಕಷ್ಟವಾ?

ಅತ್ತೆಯ ಶೀಟಿನಲ್ಲಿ ಇಡೀ ಮನೆಯವರ ಸ್ವೆಟರ್‌ಗಳ ಆಕಾರ ಇತ್ತು. ಮಾವನದು ಕಪ್ಪು ದಾರ, ನನ್ನದು ಹಸಿರು. ನಾವು ಮಕ್ಕಳು ಬೆಳೆದ ಹಾಗೆ ಒಂದರ ಹೊರಗೊಂದು ಗೆರೆ. ಯಾವ ವರ್ಷ ಯಾರು ಎಷ್ಟು ಉದ್ದವಾದೆವು ಅಂತ ಅದರಲ್ಲೇ ತೋರಿಸುತ್ತಿದ್ದರು.

ಇನ್ನು ಒಗೆಯುವುದು. ಗುಂಡಿಗಳಿದ್ದರೆ ಹಾಕಿಬಿಡಿ, ಇಲ್ಲದಿದ್ದರೆ ಗುಂಡಿಪಟ್ಟಿ ಅಲೆಅಲೆಯಾಗುತ್ತದೆ. ಒಳಗಿನ ಹೊಲಿಗೆಯ ಹತ್ತಿರ ಒದ್ದೆ ಬಿಳಿ ಬಟ್ಟೆ ಒತ್ತಿ, ಬಣ್ಣ ಬಿಡುತ್ತದಾ ನೋಡಿ. ಒಳಮೈ ಹೊರಗೆ ತಿರುಗಿಸಿ. ನೀರು ನಿಮ್ಮ ಮುಂಗೈಗೆ ಬಿಸಿ ಅಂತಲೂ ಅನಿಸಬಾರದು, ತಣ್ಣಗೆ ಅಂತಲೂ ಅನಿಸಬಾರದು. ಜಾಲಿಸುವ ನೀರೂ ಅದೇ ಹದದಲ್ಲಿರಲಿ. ಬಟ್ಟೆ ಸೋಪು ಬೇಡ, ಅದರ ಕ್ಷಾರ ಉಣ್ಣೆಗೆ ಆಗುವುದಿಲ್ಲ. ತಲೆಗೆ ಹಾಕುವ ಮೆದು ಶಾಂಪೂ ಸಾಕು, ಜಾಸ್ತಿ ನೊರೆ ಬರಿಸಲು ಹೋಗಬೇಡಿ. ಅಂಗೈಯಿಂದ ಒತ್ತಿ ಬಿಡಿ, ಒತ್ತಿ ಬಿಡಿ, ಅಷ್ಟೇ. ಉಜ್ಜಿದಿರೋ ಕೆಟ್ಟಿತು. ನಲ್ಲಿಯ ಧಾರೆಯನ್ನು ನೇರ ಅದರ ಮೇಲೆ ಬಿಡಬೇಡಿ. ನೀರಿನಿಂದ ತೆಗೆಯುವಾಗ ಒಂದು ತೋಳು ಹಿಡಿದು ಎಳೆಯಬಾರದು. ಎಳೆ ಪಾಪುವನ್ನು ಸ್ನಾನದಿಂದ ಎತ್ತುವ ಹಾಗೆ ಎರಡೂ ಕೈ ಕೆಳಗೆ ಕೊಟ್ಟು ಎತ್ತಿ.

ಹಿಂಡಬೇಡಿ. ದಪ್ಪ ಟವೆಲ್ ಹಾಸಿ, ಸ್ವೆಟರ್ ಮಲಗಿಸಿ, ಎರಡನ್ನೂ ಸೇರಿಸಿ ಸುರುಳಿ ಸುತ್ತಿ, ಮೇಲಿಂದ ಒತ್ತಿ. ಟವೆಲ್ ನೀರು ಕುಡಿಯುತ್ತದೆ. ಈಗಿನ ಟವೆಲ್‌ಗಳು ನೀರನ್ನೇ ಕುಡಿಯುವುದಿಲ್ಲ, ಯಾಕೆ ಗೊತ್ತಾ? ಪ್ರತಿ ಸಲ ಘಮಘಮ ಅನ್ನಲಿ ಅಂತ ಕಂಫರ್ಟ್ ಥರದ, ಬಟ್ಟೆ ಮೆತ್ತಗೆ ಮಾಡುವ ದ್ರವ ಸುರಿಯುತ್ತೀರಿ. ಅದು ಎಳೆಗಳ ಮೇಲೆ ಮೇಣದಂಥ ಪದರ ಕಟ್ಟುತ್ತದೆ. ಟವೆಲ್‌ಗೆ ಅದನ್ನು ಹಾಕುವುದು ಇವತ್ತೇ ನಿಲ್ಲಿಸಿ. ಸೋಪಿನ ಪುಡಿಯನ್ನೂ ಅರ್ಧ ಮಾಡಿ, ಅಷ್ಟು ಬೇಕಾಗಿಯೇ ಇಲ್ಲ.

ಈಗ ಆ ದಾರದ ಗೆರೆಯ ಶೀಟು ನೆರಳಲ್ಲಿ ಹಾಸಿ, ಒದ್ದೆ ಸ್ವೆಟರ್‌ನ್ನು ಗೆರೆಯೊಳಗೆ ಕೂರಿಸಿ. ಕಂಕುಳು ಕಂಕುಳಿಗೆ, ಕತ್ತು ಕತ್ತಿಗೆ. ಚಿಕ್ಕದಾಗಿದ್ದರೆ ಬೆರಳಿನ ತುದಿಯಿಂದ ತಟ್ಟಿ ತಟ್ಟಿ ಗೆರೆ ಮುಟ್ಟಿಸಿ, ಹಿಗ್ಗಿದ್ದರೆ ಮೆಲ್ಲಗೆ ಒಳಗೆ ತಳ್ಳಿ. ಒದ್ದೆ ಉಣ್ಣೆ ಹೇಳಿದ ಮಾತು ಕೇಳುತ್ತದೆ, ಒಣಗಿದ ಮೇಲೆ ಕೇಳುವುದಿಲ್ಲ. ಅರ್ಧ ಒಣಗಿದಾಗ ಮಗುಚಿ ಹಾಕಿ ಮತ್ತೊಮ್ಮೆ ಗೆರೆ ನೋಡಿ. ಬಿಸಿಲಿಗೆ ಬೇಡ. ಹ್ಯಾಂಗರ್ ಅಂತೂ ಒದ್ದೆಯಲ್ಲೂ ಬೇಡ, ಒಣಗಿದ ಮೇಲೂ ಬೇಡ. ಭುಜದ ಮೇಲೆ ಎರಡು ಉಬ್ಬು ಎದ್ದ ಸ್ವೆಟರ್ ಕಂಡಾಗೆಲ್ಲ ನನ್ನ ಕೈ ಕಡಿಯುತ್ತದೆ. ಮಡಿಸಿಡಿ.

ಸೀಸನ್ ಮುಗಿದು ಒಳಗಿಡುವಾಗ ಒಂದೇ ಸಲ ಹಾಕಿದ್ದರೂ ಒಗೆದೇ ಇಡಬೇಕು. ನುಸಿಯ ಮರಿಗಳು ಉಣ್ಣೆ ತಿನ್ನುತ್ತವೆ, ಅದರಲ್ಲೂ ಬೆವರು, ಊಟದ ಕಲೆ ಇದ್ದ ಜಾಗವನ್ನೇ ಹುಡುಕುತ್ತವೆ. ಯಾರಿಂದಲೋ ಬಂದ ಹಳೇ ಉಣ್ಣೆ ಬಟ್ಟೆಯನ್ನು ನಿಮ್ಮ ಕಪಾಟಿಗೆ ಸೇರಿಸುವ ಮೊದಲು ಗಾಳಿಯಾಡದ ಚೀಲದಲ್ಲಿ ಕಟ್ಟಿ ಫ್ರೀಜರ್‌ನಲ್ಲಿಡಿ. ಮೈನಸ್ 18 ಡಿಗ್ರಿ ಇರುವ ಫ್ರೀಜರ್ ಆದರೆ ಎರಡು ವಾರ. ಮೊಟ್ಟೆಗಳೂ ಸಾಯುತ್ತವೆ. ಹೊರಗೆ ತೆಗೆದ ಮೇಲೆ ಚೀಲ ಪೂರ್ತಿ ಮಾಮೂಲಿ ಶಾಖಕ್ಕೆ ಬರುವವರೆಗೆ ಬಿಚ್ಚಬೇಡಿ, ಇಲ್ಲವಾದರೆ ಬಟ್ಟೆಯ ಮೇಲೆ ನೀರು ಕೂರುತ್ತದೆ. ನುಸಿಗುಳಿಗೆ ಹಾಕಿಟ್ಟ ಬಟ್ಟೆಯನ್ನು ಎಳೆ ಮಕ್ಕಳ ಹತ್ತಿರ ತರಲೇಬೇಡಿ. ಆ ಗುಳಿಗೆ ಪ್ಲಾಸ್ಟಿಕ್ ಗುಂಡಿಗಳನ್ನೂ ಮೆತ್ತಗಾಗಿಸುತ್ತದೆ.

ಉಳಿದವಕ್ಕೆ ಇಷ್ಟು ಕಷ್ಟ ಇಲ್ಲ. ಕಾರ್ಡುರಾಯ್‌ಗೆ ಒಳಮೈಯಿಂದ ಇಸ್ತ್ರಿ ಮಾಡಿ, ಆಮೇಲೆ ಮೆದು ಬ್ರಷ್. ಎಪ್ಪತ್ತರ ದಶಕದ ಪಾಲಿಯೆಸ್ಟರ್‌ಗೆ ಇಸ್ತ್ರಿಪೆಟ್ಟಿಗೆ ಬೆಚ್ಚಗಿದ್ದರೆ ಸಾಕು, ಜಾಸ್ತಿ ಕಾದರೆ ಹೊಳಪು ಬಿದ್ದು ಕರಗುತ್ತದೆ. ರೇಷ್ಮೆ ಸ್ಕಾರ್ಫಿನ ಸುರುಳಿ ಅಂಚನ್ನು ಇಸ್ತ್ರಿಯಿಂದ ಚಪ್ಪಟೆ ಮಾಡಬೇಡಿ, ಅದರ ಅಂದವೇ ಆ ದುಂಡಗಿನ ಅಂಚಿನಲ್ಲಿದೆ. ಮುತ್ತಿನ ಸರವನ್ನು ಸೆಂಟು, ಪೌಡರು ಎಲ್ಲ ಮುಗಿದ ಮೇಲೆ ಕೊನೆಗೆ ಹಾಕಿ, ಬಂದ ಕೂಡಲೇ ಮೊದಲು ತೆಗೆದು ಒರೆಸಿಡಿ. ಚರ್ಮದ ಕೈಚೀಲದೊಳಗೆ ಕಾಗದ ತುಂಬಿಟ್ಟರೆ ಆಕಾರ ನಿಲ್ಲುತ್ತದೆ. ರೆಕ್ಸಿನ್ ಥರದ ಚೀಲ ಸಿಪ್ಪೆ ಏಳುತ್ತಿದ್ದರೆ ದುಡ್ಡು ಕೊಟ್ಟು ತರಬೇಡಿ, ಅದು ಇನ್ನೂ ಉದುರುತ್ತಲೇ ಹೋಗುತ್ತದೆ.

ಆ ದೊಡ್ಡ ಕೂಲಿಂಗ್ ಗ್ಲಾಸಿನ ಫ್ರೇಮು ಎಷ್ಟೇ ಚಂದ ಇರಲಿ, ಹಳೇ ಗಾಜನ್ನು ನಂಬಬೇಡಿ. ಬರೀ ಕಪ್ಪು ಗಾಜು ಹಾಕಿಕೊಂಡರೆ ಕಣ್ಣಿನ ಪಾಪೆ ಹಿಗ್ಗಿ ಬಿಸಿಲಿನ ಕೆಟ್ಟ ಕಿರಣ ಇನ್ನೂ ಜಾಸ್ತಿ ಒಳಗೆ ಹೋಗುತ್ತದೆ. ಕನ್ನಡಕದ ಅಂಗಡಿಗೆ ಒಯ್ದು ಆ ಕಿರಣ ತಡೆಯುವ, ‘ಯುವಿ 400’ ಅಂತ ಗುರುತಿರುವ ಗಾಜು ಕೂರಿಸಿಕೊಂಡು ಬನ್ನಿ, ಆಮೇಲೆ ಹಾಕಿಕೊಳ್ಳಿ.