ಡಿ3300 ನಂತರ ಯಾವ ಕ್ಯಾಮೆರಾ? ಹಳೆಯ ಫೋಟೋಗಳನ್ನೇ ಕೇಳಿದೆ

ಕ್ಯಾಮೆರಾ ಬದಲಿಸಬೇಕು ಅಂತ ತೀರ್ಮಾನಿಸಿದ ಮೇಲೆ ನಾನು ಮೊದಲು ಮಾಡಿದ ಕೆಲಸ, ನನ್ನ ಕೆಟ್ಟ ಫೋಟೋಗಳನ್ನೆಲ್ಲ ಒಂದು ಕಡೆ ಗುಡ್ಡೆ ಹಾಕಿದ್ದು. ನನ್ನ ಹತ್ತಿರ ಇದ್ದದ್ದು ನಿಕಾನ್ ಡಿ3300. 2014ರಲ್ಲಿ ಬಂದ ಮಾಡೆಲ್. ಜೊತೆಗೆ ಕ್ಯಾಮೆರಾದೊಂದಿಗೇ ಬಂದ 18-55 ಎಂಎಂ ಕಿಟ್ ಲೆನ್ಸ್, ದೂರದ್ದನ್ನು ಹತ್ತಿರ ಎಳೆಯುವ ಒಂದು 70-300 ಎಂಎಂ. ಇರುವುದು ಗದಗದಲ್ಲಿ. ಹೀಗಾಗಿ ನಾನು ತೆಗೆಯುವುದರಲ್ಲಿ ಮುಕ್ಕಾಲು ಪಾಲು ಲಕ್ಕುಂಡಿಯ ಗುಡಿಗಳು ಮತ್ತು ಮಾಗಡಿ ಕೆರೆಯ ಹಕ್ಕಿಗಳು. ಆಗೊಮ್ಮೆ ಈಗೊಮ್ಮೆ ರಾಣೆಬೆನ್ನೂರಿನ ಕೃಷ್ಣಮೃಗ.

ನಿಕಾನ್‌ನವರ ಎನ್‌ಎಕ್ಸ್ ಸ್ಟುಡಿಯೋ ಅಂತ ಒಂದು ಸಾಫ್ಟ್‌ವೇರ್ ಇದೆ, ಪುಕ್ಕಟೆ ಸಿಗುತ್ತದೆ. ಫೋಟೋ ತೆರೆದರೆ ಶಟರ್ ವೇಗ, ಐಎಸ್‌ಒ (ಬೆಳಕಿಗೆ ಕ್ಯಾಮೆರಾ ಎಷ್ಟು ಸೂಕ್ಷ್ಮ ಅನ್ನುವ ಲೆಕ್ಕ, ಹೆಚ್ಚಿಸಿದಷ್ಟೂ ಫೋಟೋ ಕಾಳುಕಾಳು), ಲೆನ್ಸನ್ನು ಎಷ್ಟು ಎಂಎಂನಲ್ಲಿ ಇಟ್ಟು ತೆಗೆದದ್ದು ಎಲ್ಲ ಕಾಣುತ್ತದೆ. ಅದಕ್ಕಿಂತ ಮುಖ್ಯವಾಗಿ, ಕ್ಯಾಮೆರಾ ಎಲ್ಲಿ ಫೋಕಸ್ ಹಿಡಿದಿತ್ತು ಅನ್ನುವುದನ್ನು ಫೋಟೋದ ಮೇಲೆಯೇ ತೋರಿಸುತ್ತದೆ. ಒಂದೊಂದನ್ನೂ ನೋಡುತ್ತಾ ಯಾಕೆ ಕೆಟ್ಟಿತು ಅಂತ ಬರೆದುಕೊಂಡೆ. ಇಡೀ ಫೋಟೋ ಅಲುಗಿದ್ದರೆ ಅದು ಕೈ ನಡುಕ. ಹಕ್ಕಿಯ ರೆಕ್ಕೆ ಮಾತ್ರ ಮಸುಕಾಗಿ ಉಳಿದದ್ದೆಲ್ಲ ಸರಿ ಇದ್ದರೆ ಶಟರ್ ವೇಗ ಸಾಲಲಿಲ್ಲ ಅಂತ. ಹಿಂದಿನ ಜಾಲಿ ಗಿಡ ಚೂಪಾಗಿ ಕಂಡು ಹಕ್ಕಿ ಮಂಜಾಗಿದ್ದರೆ ಫೋಕಸ್ ತಪ್ಪಿದೆ. ಈ ಮೂರಕ್ಕೂ ಮದ್ದು ಬೇರೆ ಬೇರೆ. ಮೊದಲ ಎರಡಕ್ಕೆ ಹೊಸ ಬಾಡಿಯೇ, ಅಂದರೆ ಲೆನ್ಸ್ ಬಿಟ್ಟ ಕ್ಯಾಮೆರಾವೇ, ಬೇಕಂತಿಲ್ಲ.

ಮೊದಲು ಗುಡಿಗಳ ವಿಷಯ. ಲಕ್ಕುಂಡಿಯ ಬ್ರಹ್ಮ ಜಿನಾಲಯದ ಒಳಗೆ, ಕಾಶಿವಿಶ್ವೇಶ್ವರನ ಗರ್ಭಗುಡಿಯ ಬಾಗಿಲ ಹತ್ತಿರ ಬೆಳಕು ತೀರಾ ಕಡಿಮೆ. ಪುರಾತತ್ವ ಇಲಾಖೆಯ ಸ್ಮಾರಕಗಳಾದ್ದರಿಂದ ಅನುಮತಿ ಇಲ್ಲದೆ ಟ್ರೈಪಾಡ್ ಇಡುವಂತಿಲ್ಲ. ಇಂಥ ಕತ್ತಲಿಗೆ ಫುಲ್ ಫ್ರೇಮ್ (ದೊಡ್ಡ ಸೆನ್ಸರ್‌ನ ಕ್ಯಾಮೆರಾ) ಬೇಕು, ನಿಕಾನ್ ಡಿ750 ತಗೋ ಅಂತ ಬಹಳ ಜನ ಹೇಳಿದರು. ಅವರ ಮಾತು ಸುಳ್ಳಲ್ಲ. ದೊಡ್ಡ ಸೆನ್ಸರ್‌ನಲ್ಲಿ ಕಾಳುಕಾಳು ಕಡಿಮೆ. ಆದರೆ ಕಂಬ ಎಲ್ಲಿಗೂ ಓಡಿಹೋಗಲ್ಲ, ಅಲ್ವಾ? ವಿಆರ್ (ಕೈ ನಡುಕ ತಗ್ಗಿಸುವ ವ್ಯವಸ್ಥೆ) ಇರುವ ಕಿಟ್ ಲೆನ್ಸನ್ನು 18 ಎಂಎಂಗೆ ಇಟ್ಟು, ಗೋಡೆಗೆ ಬೆನ್ನು ಕೊಟ್ಟು ನಿಂತು, ಉಸಿರು ಬಿಗಿಹಿಡಿದು 1/8 ಸೆಕೆಂಡಿನಲ್ಲಿ ನಾಲ್ಕೈದು ಸಲ ಒತ್ತಿದರೆ ಒಂದಾದರೂ ಚೂಪಾಗಿ ಬರುತ್ತದೆ. ಇನ್ನೊಂದು ದಾರಿ 35 ಎಂಎಂ ಎಫ್/1.8 ಲೆನ್ಸ್. ಎಫ್ ಸಂಖ್ಯೆ ಕಡಿಮೆ ಆದಷ್ಟೂ ಒಳಗೆ ಬರುವ ಬೆಳಕು ಹೆಚ್ಚು. ಎಫ್/4.5ರಲ್ಲಿ ಐಎಸ್‌ಒ 6400 ಬೇಕಾದ ಕಡೆ ಇದರಲ್ಲಿ 1000 ಸಾಕು. ಫೋಕಸ್ ಆಳ, ಅಂದರೆ ಹಿಂದೆ ಮುಂದೆ ಚೂಪಾಗಿ ಕಾಣುವ ಭಾಗ, ಕಡಿಮೆ ಆಗುತ್ತದೆ ನಿಜ. ಹತ್ತಿರದ ಕೆತ್ತನೆ ತೆಗೆಯುವಾಗ ಅದನ್ನು ನೋಡಿಕೊಂಡು ತೆಗೆಯಬೇಕು. ಒಟ್ಟಿನಲ್ಲಿ ನಿಂತ ಕಲ್ಲಿಗಾಗಿ ನಾನು ಬಾಡಿ ಬದಲಿಸುವ ಅಗತ್ಯ ಇರಲಿಲ್ಲ.

ಹಕ್ಕಿಗಳದ್ದು ಹಾಗಲ್ಲ. ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಪಟ್ಟೆತಲೆ ಹೆಬ್ಬಾತುಗಳು ಹಿಮಾಲಯ ದಾಟಿ ಬರುತ್ತವೆ. 2024ರಲ್ಲಿ ಈ ಕೆರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೂ ಸೇರಿತು. ಸುತ್ತಲಿನ ಹೊಲಗಳಿಗೆ ಮೇಯಲು ಹೋಗಿ, ಗುಂಪುಗುಂಪಾಗಿ ಕೆರೆಗೆ ವಾಪಸ್ ಇಳಿಯುತ್ತವೆ. ಆ ಇಳಿಯುವ ಹೊತ್ತೇ ನನಗೆ ಬೇಕಾದದ್ದು. ಅದಕ್ಕೆ 1/1600ರ ಆಸುಪಾಸಿನ ಶಟರ್ ಬೇಕು, ಹಕ್ಕಿಯ ಮೇಲೆ ಫೋಕಸ್ ಕೂತೇ ಇರಬೇಕು, ಒಂದೇ ಸಮನೆ ಕ್ಲಿಕ್ ಆಗುತ್ತಿರಬೇಕು. ಡಿ3300ರಲ್ಲಿ ಫೋಕಸ್ ಪಾಯಿಂಟ್ 11. ಅದರಲ್ಲಿ ನಡುವಿನ ಒಂದು ಮಾತ್ರ ಕ್ರಾಸ್ ಟೈಪ್, ಅಂದರೆ ಅಡ್ಡ ಗೆರೆ, ಉದ್ದ ಗೆರೆ ಎರಡನ್ನೂ ಗುರುತಿಸಿ ಫೋಕಸ್ ಹಿಡಿಯುವಂಥದ್ದು. ರಾ ಫೈಲ್‌ನಲ್ಲಿ (ಸೆನ್ಸರ್ ಹಿಡಿದ ಪೂರ್ತಿ ಮಾಹಿತಿ ಇರುವ ದೊಡ್ಡ ಫೈಲ್) ತೆಗೆದರೆ ಒಂದೆರಡು ಸೆಕೆಂಡಿಗೇ ಬಫರ್ (ಕಾರ್ಡಿಗೆ ಹೋಗುವ ಮುಂಚೆ ಫೋಟೋ ಕೂರುವ ಜಾಗ) ತುಂಬಿ ಕ್ಯಾಮೆರಾ ನಿಂತುಬಿಡುತ್ತದೆ. ಹೆಬ್ಬಾತು ನೀರಿಗೆ ಕಾಲು ಚಾಚುವ ಹೊತ್ತಿಗೆ ಸರಿಯಾಗಿ ಹೀಗಾದರೆ ಜೀವ ಚುರ್ ಅನ್ನುತ್ತದೆ. ನನ್ನ ಪಟ್ಟಿಯಲ್ಲಿ ಜಾಸ್ತಿ ಇದ್ದದ್ದೂ ಇವೇ: ಫೋಕಸ್ ತಪ್ಪಿದವು, ಅಥವಾ ಅಸಲಿ ಕ್ಷಣ ತಪ್ಪಿದವು. 24 ಮೆಗಾಪಿಕ್ಸೆಲ್ ಸಾಲಲಿಲ್ಲ ಅನ್ನುವಂಥ ಫೋಟೋ ಹುಡುಕಿದರೂ ಸಿಗಲಿಲ್ಲ.

ಅಲ್ಲಿಗೆ ದಾರಿ ಅರ್ಧ ಸ್ಪಷ್ಟವಾಯಿತು. ಡಿ750 ಬಿಟ್ಟೆ. ಡಿ3300ರಲ್ಲಿರುವಂಥ ಸಣ್ಣ ಕ್ರಾಪ್ ಸೆನ್ಸರ್‌ನಲ್ಲಿ ನನ್ನ 300 ಎಂಎಂ ಲೆನ್ಸ್ 450ರಷ್ಟು ಹತ್ತಿರ ಎಳೆದು ತೋರಿಸುತ್ತದೆ. ಡಿ750ರಲ್ಲಿ ಅಷ್ಟೇ ಭಾಗ ಕತ್ತರಿಸಿಕೊಂಡರೆ ಕೈಗೆ ಉಳಿಯುವುದು ಸುಮಾರು 10 ಮೆಗಾಪಿಕ್ಸೆಲ್. ಉಳಿದವು ನಿಕಾನ್‌ನದೇ ಕ್ರಾಪ್ ಸೆನ್ಸರ್ ಬಾಡಿಗಳಾದ ಡಿ7200, ಡಿ7500, ಡಿ500. ಡಿ500 ಹಕ್ಕಿಗೆ ಅಂತಲೇ ಮಾಡಿದಂತಿದೆ: 153 ಪಾಯಿಂಟ್, ಸೆಕೆಂಡಿಗೆ 10 ಫ್ರೇಮ್. ನನ್ನ ಬಜೆಟ್ ಅಲ್ಲಿಗೆ ಮುಟ್ಟಲಿಲ್ಲ. ಡಿ7200ರಲ್ಲಿ ಎರಡು ಕಾರ್ಡ್ ಸ್ಲಾಟ್, 24 ಮೆಗಾಪಿಕ್ಸೆಲ್. ಡಿ7500ರಲ್ಲಿ ಒಂದೇ ಸ್ಲಾಟ್, 20.9 ಮೆಗಾಪಿಕ್ಸೆಲ್. ಆದರೆ ಇದು ಸೆಕೆಂಡಿಗೆ 8 ಫ್ರೇಮ್ ಹೊಡೆಯುತ್ತದೆ, ಒಂದೇ ಉಸಿರಿಗೆ 50 ರಾ ಫೈಲ್ ನುಂಗುತ್ತದೆ. ಅಕ್ಕಪಕ್ಕದ ಹಲವು ಪಾಯಿಂಟ್ ಒಟ್ಟಿಗೆ ಹಕ್ಕಿಯನ್ನು ಹಿಡಿಯುವ ಗ್ರೂಪ್ ಏರಿಯಾ ಫೋಕಸ್ ಕೂಡ ಇದೆ.

ಹುಬ್ಬಳ್ಳಿಯಲ್ಲಿ ಮದುವೆ ಫೋಟೋ ತೆಗೆಯುವ ಗೆಳೆಯರೊಬ್ಬರಿದ್ದಾರೆ. ಅವರು ಒಂದೇ ಸ್ಲಾಟ್ ಅಂದ ಕೂಡಲೇ ತಲೆ ಅಲ್ಲಾಡಿಸಿದರು. "ಸರ, ನಮ್ಮ ಕೆಲಸಕ್ಕ ಎರಡು ಕಾರ್ಡ್ ಬೇಕ ಬೇಕ. ಒಂದ್ ಕೈಕೊಟ್ರ ಬೀಗರಿಗೆ ಏನ್ ಹೇಳೂದ್ರಿ?" ಅವರ ಕೆಲಸಕ್ಕೆ ಅದು ನೂರಕ್ಕೆ ನೂರು ಸರಿ. ಮದುವೆ ಕೆಲಸ ಮಾಡುವವರು ಡಿ7500 ಕಡೆ ನೋಡಲೇಬೇಡಿ. ನನಗೆ ಆ ತೊಡಕಿಲ್ಲ, ಹೀಗಾಗಿ ಡಿ7500 ಕಡೆಗೇ ವಾಲಿದೆ.

ಇವೆಲ್ಲ ಒಳಗೆ ಕನ್ನಡಿ ಇರುವ ಡಿಎಸ್‌ಎಲ್‌ಆರ್‌ಗಳು. ಕನ್ನಡಿ ಇಲ್ಲದ ಮಿರರ್‌ಲೆಸ್ ಯಾಕೆ ಬೇಡ ಅಂತ ಎಲ್ಲರೂ ಕೇಳುತ್ತಾರೆ. 2020ರ ನಂತರ ನಿಕಾನ್, ಕ್ಯಾನನ್ ಎರಡೂ ಹೊಸ ಡಿಎಸ್‌ಎಲ್‌ಆರ್ ತಂದಿಲ್ಲ ಅನ್ನುವುದು ಗೊತ್ತಿದ್ದೇ ಈ ಕಡೆ ಬಂದೆ. ಎಷ್ಟೋ ಜನ ಮಿರರ್‌ಲೆಸ್‌ಗೆ ಹೋಗುತ್ತಿರುವುದರಿಂದ ಒಳ್ಳೆಯ ಡಿಎಸ್‌ಎಲ್‌ಆರ್ ಬಾಡಿಗಳು ಸೆಕೆಂಡ್ ಹ್ಯಾಂಡ್‌ನಲ್ಲಿ ಕಡಿಮೆಗೆ ಸಿಗುತ್ತಿವೆ. ಬ್ಯಾಟರಿ ಲೆಕ್ಕವೂ ಇದೆ. ಡಿ7500 ಒಂದು ಚಾರ್ಜಿಗೆ 950 ಫೋಟೋ ಅಂತ ಕಂಪನಿಯೇ ಹೇಳುತ್ತದೆ, ನಿಕಾನ್‌ನದೇ ಮಿರರ್‌ಲೆಸ್ ಝಡ್50ಕ್ಕೆ ಸುಮಾರು 320. ಇಡೀ ಬೆಳಗ್ಗೆ ಕೆರೆ ದಂಡೆಯಲ್ಲಿ ಕೂರುವವನಿಗೆ ಇದು ಸಣ್ಣ ವಿಷಯವಲ್ಲ.

ಕೊಳ್ಳುವ ಮುಂಚೆ ಅದೇ ಗೆಳೆಯರ ಪರಿಚಯದವರಿಂದ ಒಂದು ಡಿ7500 ತಂದು, ನನ್ನದೇ 70-300 ಹಾಕಿಕೊಂಡು ಮಾಗಡಿಗೆ ಹೋದೆ. ಬೇರೆಯವರ ದುಬಾರಿ ಲೆನ್ಸ್‌ನಲ್ಲಿ ನೋಡಿದರೆ ನನ್ನ ಪ್ರಶ್ನೆಗೆ ಉತ್ತರ ಸಿಗುತ್ತಿರಲಿಲ್ಲ. ಬಾಡಿ 640 ಗ್ರಾಂ, ನನ್ನ ಹಳೆಯದು 410. ಆ ತೂಕ ಕೈಗೆ ಹಿತ ಅನ್ನಿಸಿತು. ಐಎಸ್‌ಒ ಬಟನ್ ಶಟರ್ ಪಕ್ಕದಲ್ಲೇ ಇದೆ, ಡಯಲ್ ಎರಡಿವೆ. ಕಣ್ಣು ತೆಗೆಯದೆ ಎಲ್ಲ ಬದಲಿಸಬಹುದು.

ಆಮೇಲೆ ಹುಬ್ಬಳ್ಳಿಯಲ್ಲೇ ಒಂದು ಸೆಕೆಂಡ್ ಹ್ಯಾಂಡ್ ಡಿ7500 ಬಾಡಿ ಸಿಕ್ಕಿತು. ನೋಡಲು ಹೋದಾಗ ಲ್ಯಾಪ್‌ಟಾಪ್ ಒಯ್ದಿದ್ದೆ. ಅಲ್ಲೇ ಒಂದು ಫೋಟೋ ತೆಗೆದು, ಫೈಲ್‌ನೊಳಗಿನ ಮಾಹಿತಿಯಿಂದ ಶಟರ್ ಕೌಂಟ್ ನೋಡಿದೆ. ಈ ಮಾಡೆಲ್‌ನ ಶಟರನ್ನು 1,50,000 ಕ್ಲಿಕ್‌ಗೆ ಪರೀಕ್ಷಿಸಿರುತ್ತಾರೆ, ಇದು ಅದರ ಕಾಲು ಭಾಗವನ್ನೂ ದಾಟಿರಲಿಲ್ಲ. ಎಫ್/16 ಇಟ್ಟು ಆಕಾಶದ ಫೋಟೋ ತೆಗೆದರೆ ಸೆನ್ಸರ್ ಮೇಲಿನ ಧೂಳು ಚುಕ್ಕೆಯಾಗಿ ಕಾಣುತ್ತದೆ, ಅದನ್ನೂ ಮಾಡಿದೆ. ಮೆನುವಿನಲ್ಲಿ ಬ್ಯಾಟರಿ ವಯಸ್ಸು 0ಯಿಂದ 4ರವರೆಗೆ ತೋರಿಸುತ್ತದೆ, 0 ಅಂದರೆ ಹೊಸದು. ಲೆನ್ಸ್ ಕೂರುವ ರಿಂಗ್, ಕಾರ್ಡ್ ಸ್ಲಾಟ್, ಮೂಲ ಬಿಲ್ಲು ನೋಡಿ ದುಡ್ಡು ಕೊಟ್ಟೆ.

ಈಗ ಹೆಬ್ಬಾತು ಇಳಿಯುವಾಗ ಎಎಫ್-ಸಿ (ಚಲಿಸುವುದನ್ನು ಬಿಡದೆ ಹಿಂಬಾಲಿಸುವ ಫೋಕಸ್), ಗ್ರೂಪ್ ಏರಿಯಾ, 1/1600, ಆಟೋ ಐಎಸ್‌ಒ ಇಟ್ಟುಕೊಳ್ಳುತ್ತೇನೆ. ರೆಕ್ಕೆ ಬಡಿತದ ಒಂದೊಂದು ಹಂತವೂ ಸಿಗುತ್ತಿದೆ. ಫೋಕಸ್ ತಪ್ಪಿದವು ಈಗಲೂ ಇವೆ, ಆದರೆ ಒಂದೇ ಸಮನೆ ಹೊಡೆದ ಒಂದು ಸಾಲಿನಲ್ಲಿ ಎರಡೋ ಮೂರೋ, ಅಷ್ಟೇ. ಕೃಷ್ಣಮೃಗದ ಫೋಟೋಗಳಲ್ಲಿ ಮಾತ್ರ ಹೇಳಿಕೊಳ್ಳುವಂಥ ವ್ಯತ್ಯಾಸ ಇಲ್ಲ. ರಾಣೆಬೆನ್ನೂರಿನ ಬಯಲಲ್ಲಿ ಬಿಸಿಲೇರಿದ ಮೇಲೆ ನೆಲದ ಕಾವಿಗೆ ದೂರದ ಗಾಳಿ ಕುದಿಯತೊಡಗುತ್ತದೆ, ಫೋಟೋ ಮಸುಕಾಗುತ್ತದೆ. ಅಲ್ಲಿಗೆ ನಸುಕಿನಲ್ಲೇ ಹೋಗಿ, ಬಿಸಿಲು ಬಲಿಯುವ ಮುಂಚೆ ಮುಗಿಸಿಕೊಂಡು ಬರುತ್ತೇನೆ.