ಹಳೆಯ ಸೇನಾ ಕೋಟೆಯ ಮಣ್ಣಲ್ಲಿ ಸಿಕ್ಕ ಗುಂಡು, ತೋಟಾಗಳನ್ನು ಗುರುತಿಸುವುದು ಹೇಗೆ?

ಅಮೆರಿಕದ ಪಶ್ಚಿಮ ಗಡಿಯಲ್ಲಿದ್ದ 19ನೇ ಶತಮಾನದ ಸೇನಾ ಕೋಟೆಗಳನ್ನು ಅಗೆದರೆ ಮೊಳೆ, ಬಾಟಲಿ ಚೂರುಗಳ ಜೊತೆ ತಪ್ಪದೆ ಸಿಗುವುದು ಸೀಸದ ಗುಂಡು ಮತ್ತು ಖಾಲಿ ತೋಟಾ (ಗುಂಡು ಹಾರಿದ ಮೇಲೆ ಉಳಿಯುವ ಕವಚ). ಟೆಕ್ಸಸ್‌ನ ಫೋರ್ಟ್ ಡೇವಿಸ್‌ನಲ್ಲಿ ಸೇನೆ ಮೊದಲು ಬೀಡುಬಿಟ್ಟದ್ದು 1854ರಲ್ಲಿ, ಕೊನೆಗೆ ಜಾಗ ಖಾಲಿ ಮಾಡಿದ್ದು 1891ರಲ್ಲಿ. ನಡುವೆ ಅಂತರ್ಯುದ್ಧದ ಕಾಲದಲ್ಲಿ ಬಿಟ್ಟುಹೋಗಿದ್ದ ಅಮೆರಿಕ ಸೇನೆ ಮರಳಿದ್ದು 1867ರಲ್ಲಿ. ಈ ಅವಧಿಯಲ್ಲೇ ನಳಿಗೆಯ ಬಾಯಿಯಿಂದ ಮದ್ದು ಗಿಡಿಯುವ ಬಂದೂಕು ಹೋಗಿ ಲೋಹದ ತೋಟಾ ಬಂತು. ಹಾಗಾಗಿ ಮಣ್ಣಿನ ಯಾವ ಪದರ ಯಾವ ಕಾಲದ್ದೆಂದು ಹೇಳುವುದರಲ್ಲಿ ತೋಟಾದಷ್ಟು ನೆರವಾಗುವ ವಸ್ತುಗಳು ಕಡಿಮೆ. ದುರದೃಷ್ಟವೆಂದರೆ, ಆ ಮಾಹಿತಿಯ ಬಹುಪಾಲು ತೊಳೆಯುವ ಮೇಜಿನ ಮೇಲೆಯೇ ಹಾಳಾಗುತ್ತದೆ. ತಂತಿ ಬ್ರಶ್‌ನಿಂದ ಉಜ್ಜುವುದು ಒಂದು ತಪ್ಪು. ತಳದಲ್ಲಿ ಕೇಪು (ಪೆಟ್ಟು ಬಿದ್ದಾಗ ಕಿಡಿ ಹೊತ್ತಿಸುವ ಪುಟ್ಟ ಬಿಲ್ಲೆ) ಕಾಣದ ತೋಟಾವನ್ನೆಲ್ಲ ‘ರಿಮ್‌ಫೈರ್’ (ಅಂಚಿನಲ್ಲಿ ಕಿಡಿ ಹೊತ್ತುವ ತೋಟಾ) ಎಂದು ಬರೆದುಬಿಡುವುದು ಇನ್ನೊಂದು.

ಹಂತ 1: ಸಿಡಿಯುವಂಥದ್ದನ್ನು ಮೊದಲು ಬೇರ್ಪಡಿಸಿ

ಕಬ್ಬಿಣದ ಗೋಳ ಸಿಕ್ಕಿದರೆ ಎತ್ತಬೇಡಿ, ಉರುಳಿಸಬೇಡಿ. ಗಟ್ಟಿ ಗುಂಡೋ, ಒಳಗೆ ಮದ್ದು ತುಂಬಿದ ಸಿಡಿಗುಂಡೋ ಎಂದು ಹೊರನೋಟಕ್ಕೆ ಹೇಳುವುದು ಕಷ್ಟ. ಸಿಡಿಗುಂಡಿಗೆ ಬತ್ತಿಯ ತೂತು ಇರುತ್ತದೆ, ಆದರೆ ತುಕ್ಕು ಅದನ್ನು ಪೂರ್ತಿ ಮುಚ್ಚಿರಬಹುದು. ಬಾರ್ಮನ್ ಫ್ಯೂಸ್ (ಎಷ್ಟು ಸೆಕೆಂಡಿಗೆ ಸಿಡಿಯಬೇಕೆಂದು ನಿಗದಿಮಾಡುವ ಸಾಧನ) ಇದ್ದರೆ ಸೆಕೆಂಡುಗಳ ಅಂಕಿ ಕೊರೆದ ಮೆದು ಲೋಹದ ಬಿಲ್ಲೆ ಕಾಣುತ್ತದೆ. ಗಡಿ ಕೋಟೆಗಳಲ್ಲಿ ಸಾಮಾನ್ಯವಾಗಿದ್ದ 12 ಪೌಂಡರ್ ಮೌಂಟನ್ ಹೊವಿಟ್ಜರ್ ಎಂಬ ಸಣ್ಣ ಫಿರಂಗಿಯ ಗುಂಡಿನ ವ್ಯಾಸ ಸುಮಾರು 115 ಮಿ.ಮೀ. ಆ ಅಳತೆಯದು ಕಂಡರೆ ಅದು ಸಿಡಿಗುಂಡೆಂದೇ ಭಾವಿಸಿ, ದೂರ ಸರಿದು, ಪೊಲೀಸರ ಬಾಂಬ್ ನಿಷ್ಕ್ರಿಯ ದಳಕ್ಕೆ ತಿಳಿಸಿ. ‘ಇಷ್ಟು ವರ್ಷ ನೆಂದ ಮದ್ದು ಸತ್ತಿರುತ್ತದೆ’ ಎಂಬ ಮಾತನ್ನು ನಂಬಬೇಡಿ. ನೆಂದು ಒಣಗಿದ ಕರಿಮದ್ದು ಮತ್ತೆ ಹೊತ್ತಿಕೊಳ್ಳಬಲ್ಲದು. 2008ರಲ್ಲಿ ವರ್ಜೀನಿಯಾದ ಅನುಭವಿ ಸಂಗ್ರಾಹಕರೊಬ್ಬರು ಅಂತರ್ಯುದ್ಧದ ಕಾಲದ ಫಿರಂಗಿ ಗುಂಡನ್ನು ಶುಚಿ ಮಾಡುತ್ತಿದ್ದಾಗ ಅದು ಸಿಡಿದು ಸತ್ತರು. ಸಿಡಿಗುಂಡಿಗೆ ಡ್ರಿಲ್ ಹಾಕಿ ಮದ್ದು ತೆಗೆಯುವ ವಿಧಾನವನ್ನು ಹೇಳಿಕೊಡುವ ವಿಡಿಯೊಗಳಿವೆ, ಅವುಗಳ ತಂಟೆಗೇ ಹೋಗಬೇಡಿ.

ಗುಂಡು ಇನ್ನೂ ಕಚ್ಚಿಕೊಂಡೇ ಇರುವ ತೋಟಾವೂ ಜೀವಂತವೇ. ಅದನ್ನು ಇಕ್ಕಳದಿಂದ ಎಳೆಯುವುದು, ಬಿಸಿ ಮಾಡುವುದು, ವಿದ್ಯುತ್ ಹರಿಸಿ ಕಿಲುಬು ತೆಗೆಯುವುದು ಯಾವುದೂ ಕೂಡದು. ಪ್ರತ್ಯೇಕ ಡಬ್ಬಿಯಲ್ಲಿಟ್ಟು, ತಜ್ಞರಿಗೆ ಒಪ್ಪಿಸುವವರೆಗೆ ಬೇರೆ ಕಡೆ ಇರಿಸಿ.

ಹಂತ 2: ಜಾಗ ಬರೆದುಕೊಳ್ಳಿ

ಪ್ರತಿ ತುಂಡಿಗೂ ಒಂದು ಚೀಲ, ಒಂದು ಸಂಖ್ಯೆ, ಅಗೆತದ ಚೌಕ ಮತ್ತು ಆಳ. ಅಮೆರಿಕದ ಕೇಂದ್ರ ಸರ್ಕಾರದ ಜಮೀನಿನಲ್ಲಿ ಪುರಾತತ್ವ ನೆಲೆಯನ್ನು ಅಗೆಯಲು 1979ರ ಕಾಯ್ದೆಯ ಪ್ರಕಾರ ಅನುಮತಿ ಬೇಕೇ ಬೇಕು.

ಹಂತ 3: ತೊಳೆಯುವುದು ಎಂದರೆ ಮಣ್ಣು ತೆಗೆಯುವುದಷ್ಟೇ

ಬೇಕಾದುದು ಮೆದು ಬ್ರಶ್, ಬಿದಿರು ಕಡ್ಡಿ, ಸ್ವಲ್ಪ ಭಟ್ಟಿ ಇಳಿಸಿದ ನೀರು. ಸೀಸದ ಮೇಲಿನ ಬಿಳಿ ಪೊರೆಯನ್ನು ಕೆರೆಯಬೇಡಿ. ಗುಂಡಿನ ಮೂಲ ಮೇಲ್ಮೈ, ಅದರ ಮೇಲಿನ ಗೀರುಗಳೆಲ್ಲ ಆ ಪೊರೆಯಲ್ಲೇ ಉಳಿದಿರುತ್ತವೆ. ವಿನೆಗರ್, ನಿಂಬೆರಸ ಸೀಸದ ಹತ್ತಿರವೂ ಸುಳಿಯಬಾರದು, ಆಮ್ಲ ಅದನ್ನು ತಿಂದುಹಾಕುತ್ತದೆ. ಅಂಗಡಿಯಲ್ಲಿ ಸಿಗುವ ಹಿತ್ತಾಳೆ ಹೊಳಪಿನ ಪೇಸ್ಟುಗಳಲ್ಲಿ ಸವೆಸುವ ಪುಡಿ ಇರುತ್ತದೆ. ಅದು ಕಿಲುಬಿನ ಜೊತೆ ಅಕ್ಷರಗಳನ್ನೂ ಒಯ್ಯುತ್ತದೆ. ಹೊಳೆಯುವ ತೋಟಾ ಪ್ರದರ್ಶನದ ಪೆಟ್ಟಿಗೆಯಲ್ಲಿ ಚೆಂದ ಕಾಣಬಹುದು, ಗುರುತಿಸುವ ಕೆಲಸಕ್ಕೆ ನಿಷ್ಪ್ರಯೋಜಕ. ಸೀಸ ಮುಟ್ಟಿದ ಮೇಲೆ ಸೋಪಿನಿಂದ ಕೈ ತೊಳೆಯಿರಿ.

ಹಂತ 4: ಸೀಸದ ಗುಂಡು

0.1 ಗ್ರಾಂ ತೋರಿಸುವ ತಕ್ಕಡಿ ಮತ್ತು ಪ್ಲಾಸ್ಟಿಕ್ ದವಡೆಯ ವರ್ನಿಯರ್ ಕ್ಯಾಲಿಪರ್ ಸಾಕು. ಉಕ್ಕಿನ ದವಡೆ ಸೀಸದ ಮೇಲೆ ಹೊಸ ಗೀರು ಮೂಡಿಸುತ್ತದೆ.

ದುಂಡನೆಯ ಗುಂಡಾದರೆ ವ್ಯಾಸ ಅಳೆಯಿರಿ. ಗುರಿಗೆ ಬಡಿದು ಚಪ್ಪಟೆಯಾಗಿದ್ದರೆ ತೂಕದಿಂದ ವ್ಯಾಸ ಕಂಡುಹಿಡಿಯಬಹುದು. ಪುರಾತತ್ವಜ್ಞ ಡೇನಿಯಲ್ ಸಿವಿಲಿಚ್ 1996ರಲ್ಲಿ ಪ್ರಕಟಿಸಿದ ಸೂತ್ರವನ್ನು ಮಿಲಿಮೀಟರಿಗೆ ತಂದರೆ ಹೀಗಾಗುತ್ತದೆ: ಗ್ರಾಂನಲ್ಲಿ ತೂಕದ ಘನಮೂಲವನ್ನು 5.67ರಿಂದ ಗುಣಿಸಿ. 24.7 ಗ್ರಾಂ ತೂಗುವ ಗುಂಡಿಗೆ ಉತ್ತರ 16.5 ಮಿ.ಮೀ., ಅಂದರೆ 0.65 ಇಂಚು. ಅದು .69 ಮಸ್ಕೆಟ್‌ನ (ನಳಿಗೆಯ ಒಳವ್ಯಾಸ 0.69 ಇಂಚಿನ ಹಳೆಯ ಬಂದೂಕಿನ) ಗುಂಡು. ಗುಂಡು ನಳಿಗೆಗಿಂತ ಚಿಕ್ಕದಿರುವುದು ತಪ್ಪಲ್ಲ. ಕಾಗದದ ಸುತ್ತಿಗೂ ನಳಿಗೆಯಲ್ಲಿ ಕಟ್ಟುವ ಮಸಿಗೂ ಜಾಗ ಬಿಟ್ಟೇ ಎರಕ ಹೊಯ್ಯುತ್ತಿದ್ದರು. ಇದನ್ನು ಮರೆತು 16.5 ಮಿ.ಮೀ. ಗುಂಡಿಗೆ ‘.65 ಕ್ಯಾಲಿಬರ್ ಬಂದೂಕು’ ಹುಡುಕುತ್ತ ಕೂರುವವರಿದ್ದಾರೆ. ಸುಮಾರು 8 ಮಿ.ಮೀ. ಗುಂಡುಗಳು ಇದರ ಜೊತೆಯಲ್ಲೇ ಸಿಕ್ಕಿದರೆ ಅದು ‘ಬಕ್ ಆ್ಯಂಡ್ ಬಾಲ್’ ಇರಬಹುದು, ಒಂದೇ ಕಾಗದದ ತೋಟಾದಲ್ಲಿ ಒಂದು ದೊಡ್ಡದು, ಮೂರು ಚಿಕ್ಕವು. ಒಂದಕ್ಕೊಂದು ಒತ್ತಿ ಮೈಯೆಲ್ಲ ಚಪ್ಪಟೆ ಮುಖಗಳು ಮೂಡಿದ ಮಸ್ಕೆಟ್ ಗುಂಡುಗಳು ಫಿರಂಗಿಯ ಕ್ಯಾನಿಸ್ಟರ್‌ನಿಂದ (ಗುಂಡು ತುಂಬಿ ಹಾರಿಸುವ ತಗಡಿನ ಡಬ್ಬಿ) ಬಂದಿರಬಹುದು. ಮೌಂಟನ್ ಹೊವಿಟ್ಜರ್‌ನ ಒಂದು ಕ್ಯಾನಿಸ್ಟರ್‌ನಲ್ಲಿ 148 ಮಸ್ಕೆಟ್ ಗುಂಡುಗಳಿರುತ್ತಿದ್ದವು.

ಉದ್ದನೆಯ ಗುಂಡಿಗೆ ತೂಕವೊಂದನ್ನೇ ನಂಬಬಾರದು. 1855ರಿಂದ ಬಂದ .58 ಮಿನಿಯೆ ಗುಂಡಿನ ತೂಕ 500 ಗ್ರೇನ್, ಅಂದರೆ 32.4 ಗ್ರಾಂ. 1881ರ .45-70 (0.45 ಇಂಚಿನ ಗುಂಡು, 70 ಗ್ರೇನ್ ಮದ್ದು) ರೈಫಲ್ ಗುಂಡಿನದೂ ಅಷ್ಟೇ. ನಡುವೆ ಕಾಲು ಶತಮಾನದ ಅಂತರ. ಬಿಡಿಸಿ ಹೇಳುವುದು ವ್ಯಾಸ ಮತ್ತು ತಳ. ಮಿನಿಯೆ ಸುಮಾರು 14.6 ಮಿ.ಮೀ. ದಪ್ಪ, ತಳದಲ್ಲಿ ಆಳವಾದ ಪೊಳ್ಳು, ಮೈ ಸುತ್ತ ಉಂಗುರದಂಥ ಮೂರು ತೋಡು. ಇನ್ನೊಂದು 11.6 ಮಿ.ಮೀ. 1873ರ ಮೊದಲ .45-70 ಗುಂಡು 405 ಗ್ರೇನ್ (26.2 ಗ್ರಾಂ), .50-70ರದು 450 ಗ್ರೇನ್ (29.2 ಗ್ರಾಂ). ಬಿಳಿ ಪೊರೆ, ಬಡಿದು ಹಾರಿಹೋದ ಚೂರು ಸೇರಿ ಒಂದೆರಡು ಗ್ರಾಂ ಆಚೀಚೆ ಆಗುವುದು ಸಹಜ.

ಹಾರಿದ ಗುಂಡಿನ ಮೈಮೇಲೆ ನಳಿಗೆಯ ಒಳಗೀರು ಅಚ್ಚೊತ್ತಿರುತ್ತದೆ. ಎಣಿಸಿ, ಯಾವ ಕಡೆ ವಾಲಿದೆ ನೋಡಿ. ಸ್ಪ್ರಿಂಗ್‌ಫೀಲ್ಡ್ ರೈಫಲ್ ಮೂರು ತೋಡು, 1873ರ ಕೋಲ್ಟ್ ರಿವಾಲ್ವರ್ ಎಡಕ್ಕೆ ತಿರುಗುವ ಆರು, ಸ್ಮಿತ್ ಆ್ಯಂಡ್ ವೆಸನ್ ಬಲಕ್ಕೆ ಐದು. ಗುಂಡಿನ ಮೂತಿಯಲ್ಲಿ ತಿರುಪಿನ ತೂತು ಇದ್ದರೆ ಅದು ಹಾರಿದ್ದಲ್ಲ, ನಳಿಗೆಯಲ್ಲಿ ಸಿಕ್ಕಿಕೊಂಡಿದ್ದನ್ನು ತಿರುಪು ಹಾಕಿ ಹೊರಗೆಳೆದದ್ದು. ಹಲ್ಲಿನ ಗುರುತಿರುವ ಗುಂಡುಗಳನ್ನು ‘ಶಸ್ತ್ರಚಿಕಿತ್ಸೆಯ ನೋವಿಗೆ ಸೈನಿಕ ಕಚ್ಚಿದ್ದು’ ಎಂದು ಮಾರುವವರಿದ್ದಾರೆ. ಅವುಗಳಲ್ಲಿ ಹೆಚ್ಚಿನವು ಹಂದಿ, ಇಲಿ, ಹೆಗ್ಗಣ ಅಗಿದವು.

ಹಂತ 5: ತೋಟಾದ ತಳ ಓದುವುದು

ಇಲ್ಲಿ ಅವಸರ ಮಾಡಬೇಡಿ. ಒಂದು ತೋಟಾಕ್ಕೆ ಅರ್ಧ ಗಂಟೆ ಹಿಡಿದರೂ ಹಿಡಿಯಲಿ.

ಮೊದಲು ಅಂಚಿನ ವ್ಯಾಸವನ್ನು ಮೂರು ದಿಕ್ಕಿನಿಂದ ಅಳೆಯಿರಿ. ತೋಟಾದ ಬಾಯಿ ತುಳಿದು ಚಪ್ಪಟೆಯಾಗಿರುವುದೇ ಹೆಚ್ಚು, ತಳದ ಅಂಚು ಮಾತ್ರ ಉಳಿದಿರುತ್ತದೆ. ಕ್ಯಾಲಿಪರ್ ಒತ್ತಬೇಡಿ. ಪಾದರಸದ ಫಲ್ಮಿನೇಟ್ ಕೇಪು ಸಿಡಿದ ಹಿತ್ತಾಳೆ ಬಿರುಸಾಗಿ, ಮುಟ್ಟಿದರೆ ಸೀಳುತ್ತದೆ. .50-70ರ ಅಂಚು 16.8 ಮಿ.ಮೀ., ಉದ್ದ 44.5. .45-70ರ ಅಂಚು 15.4, ಉದ್ದ 53.5. ರಿವಾಲ್ವರಿನದಾದರೆ ಅಂಚಿಗಿಂತ ಉದ್ದವೇ ಮುಖ್ಯ. .45 ಕೋಲ್ಟ್ 32.6 ಮಿ.ಮೀ., ಸ್ಮಿತ್ ಆ್ಯಂಡ್ ವೆಸನ್‌ನ ಸ್ಕೋಫೀಲ್ಡ್ ರಿವಾಲ್ವರಿನದು 28 ಮಿ.ಮೀ. ಈ ಗಿಡ್ಡ ತೋಟಾ ಎರಡೂ ರಿವಾಲ್ವರಿಗೆ ಹೊಂದುತ್ತಿದ್ದರಿಂದ, ಅದು ಸಿಕ್ಕ ಮಾತ್ರಕ್ಕೆ ಅಲ್ಲಿ ಸ್ಕೋಫೀಲ್ಡ್ ರಿವಾಲ್ವರ್ ಇತ್ತೆಂದು ಬರೆಯಬೇಡಿ.

ಮುಂದಿನ ಪ್ರಶ್ನೆ: ಕಿಡಿ ಎಲ್ಲಿ ಹೊತ್ತುತ್ತಿತ್ತು? ಇಲ್ಲೇ ಎಲ್ಲರೂ ಎಡವುವುದು. ತಳ ನುಣ್ಣಗಿದ್ದು ಕೇಪು ಕಾಣದಿದ್ದರೆ ಎರಡು ಸಾಧ್ಯತೆಗಳಿವೆ. ನಿಜವಾದ ರಿಮ್‌ಫೈರ್‌ನಲ್ಲಿ ಸಿಡಿಯುವ ಮಸಾಲೆ ಟೊಳ್ಳು ಅಂಚಿನೊಳಗೆ ಇರುತ್ತದೆ, ಆದ್ದರಿಂದ ಪೆಟ್ಟಿನ ಗುರುತು ಅಂಚಿನಲ್ಲೇ. ಸ್ಪೆನ್ಸರ್ ಬಂದೂಕಿನದು ಒಂದು ಪೆಟ್ಟು. .44 ಹೆನ್ರಿ ರೈಫಲಿನದರಲ್ಲಿ ಎದುರುಬದುರು ಎರಡು. ಎರಡನೆಯ ಸಾಧ್ಯತೆ ಬೆನೆ ತೋಟಾ. ಸೇನೆಯ ತೋಟಾ ಕಾರ್ಖಾನೆಯಾದ ಫ್ರಾಂಕ್‌ಫರ್ಡ್ ಆರ್ಸೆನಲ್‌ನಲ್ಲಿ ಸ್ಟೀಫನ್ ವಿನ್ಸೆಂಟ್ ಬೆನೆ ರೂಪಿಸಿದ ಈ ತೋಟಾ 1868ರಿಂದ 1882ರ ಆಸುಪಾಸಿನವರೆಗೆ ಸೇನೆಯಲ್ಲಿ ನಡೆಯಿತು. ಇದರಲ್ಲಿ ಮಸಾಲೆಯನ್ನು ತಾಮ್ರದ ತಳದ ಒಳಬದಿಯಲ್ಲಿ ಇಟ್ಟು, ಮೇಲೆ ಒಂದು ಪುಟ್ಟ ಬಟ್ಟಲನ್ನು ಕೂರಿಸಿ, ಹೊರಗಿನಿಂದ ಎರಡು ಕಡೆ ಒತ್ತಿ ಬಿಗಿಸುತ್ತಿದ್ದರು. ಹಾಗಾಗಿ ಪೆಟ್ಟಿನ ತಗ್ಗು ತಳದ ನಡುವೆ ಇರುತ್ತದೆ. ಅಂಚಿನಿಂದ ಸ್ವಲ್ಪ ಮೇಲೆ, ಎದುರುಬದುರಾಗಿ ಎರಡು ಒತ್ತುಗುರುತುಗಳು ಕಾಣುತ್ತವೆ. ಅವನ್ನು ಕಲ್ಲು ತಾಗಿದ ನೆಗ್ಗು ಎಂದು ತಳ್ಳಿಹಾಕುವುದೇ ಎಲ್ಲ ಗೊಂದಲದ ಮೂಲ.

ಮೂರನೆಯದು ಹೊರಗಿನಿಂದ ಕೇಪು ಕೂರಿಸಿದ ತೋಟಾ. ಫ್ರಾಂಕ್‌ಫರ್ಡ್‌ನ .45-70ರಲ್ಲಿ ಇದು ಬಂದದ್ದು 1882ರ ಸುಮಾರಿಗೆ. ಖಾಸಗಿ ಕಾರ್ಖಾನೆಗಳು ಅದಕ್ಕೂ ಮೊದಲೇ ಮಾಡುತ್ತಿದ್ದವು. ಕಿಲುಬು ಕಟ್ಟಿದಾಗ ಕೇಪಿನ ಸುತ್ತಿನ ಗೆರೆ ಮುಚ್ಚಿಹೋಗಿ ತಳ ಒಂದೇ ತಗಡಿನಂತೆ ತೋರುತ್ತದೆ, ಆಗ ಇದನ್ನೇ ಬೆನೆ ಎಂದು ಭ್ರಮಿಸುತ್ತಾರೆ. ಪರೀಕ್ಷೆ ಸುಲಭ. ಪಕ್ಕದ ಎರಡು ಒತ್ತುಗುರುತು ಹುಡುಕಿ. ಇಲ್ಲದಿದ್ದರೆ ತಳದ ನಡುಭಾಗವನ್ನು ಮಾತ್ರ ಒದ್ದೆ ಬಿದಿರು ಕಡ್ಡಿಯಿಂದ ಮೆಲ್ಲಗೆ ಉಜ್ಜಿ, ವೃತ್ತದ ಗೆರೆ ಏಳುತ್ತದೆಯೇ ನೋಡಿ. ಬಾಯಿ ತೆರೆದಿದ್ದರೆ ಟಾರ್ಚ್ ಬಿಟ್ಟು ಒಳಗೆ ಇಣುಕಿ. ಬೆನೆಯಲ್ಲಿ ಬಟ್ಟಲು ಬೇರೆ ತುಂಡಾಗಿ ಕಾಣುತ್ತದೆ.

ಕೊನೆಗೆ ಅಕ್ಷರಗಳು. ಕೋಣೆಯ ದೀಪ ಆರಿಸಿ. ಟಾರ್ಚನ್ನು ತಳದ ಮಟ್ಟಕ್ಕೆ ಇಳಿಸಿ, ಬೆಳಕು ಹತ್ತು ಹದಿನೈದು ಡಿಗ್ರಿ ಓರೆಯಲ್ಲಿ ಬೀಳುವಂತೆ ಹಿಡಿಯಿರಿ. ಬೆಳಕನ್ನು ಅಲುಗಿಸದೆ ತೋಟಾವನ್ನು ನಿಧಾನ ತಿರುಗಿಸುತ್ತ ಹತ್ತು ಪಟ್ಟು ಹಿಗ್ಗಿಸುವ ಲೂಪ್‌ನಲ್ಲಿ ನೋಡಿ. ಒಂದು ಕೋನದಲ್ಲಿ ಎದ್ದ ಅಕ್ಷರ ಇನ್ನೊಂದರಲ್ಲಿ ಮಾಯವಾಗುತ್ತದೆ, ಆದ್ದರಿಂದ ನಾಲ್ಕು ದಿಕ್ಕಿನ ಬೆಳಕಿನಲ್ಲಿ ನಾಲ್ಕು ಫೋಟೊ ತೆಗೆಯಿರಿ. ಅಕ್ಷರದೊಳಗೆ ಸೀಮೆಸುಣ್ಣ ತುಂಬಿ ಓದುವ ಅಡ್ಡದಾರಿ ಬೇಡ, ಕಿಲುಬಿನ ಸಂದಿಗೆ ಹೊಕ್ಕ ಪುಡಿ ಹೊರಗೆ ಬರುವುದಿಲ್ಲ.

ಫ್ರಾಂಕ್‌ಫರ್ಡ್ 1877ರ ಮಾರ್ಚ್‌ನಿಂದ ರೈಫಲ್, ಕಾರ್ಬೈನ್ (ಗಿಡ್ಡ ನಳಿಗೆಯ ರೈಫಲ್) ತೋಟಾಗಳ ತಳಕ್ಕೆ ಮುದ್ರೆ ಹಾಕತೊಡಗಿತು. ‘ಆರ್ ಎಫ್ 3 81’ ಎಂದರೆ ರೈಫಲ್, ಫ್ರಾಂಕ್‌ಫರ್ಡ್, 1881ರ ಮಾರ್ಚ್. ‘ಆರ್’ ಬದಲು ‘ಸಿ’ ಇದ್ದರೆ ಕಾರ್ಬೈನ್, ಅದರಲ್ಲಿ ಮದ್ದು 70 ಗ್ರೇನ್ ಬದಲು 55. ವೃತ್ತದ ಸುತ್ತ ಬರೆದದ್ದರಿಂದ ಯಾವುದು ತಿಂಗಳು, ಯಾವುದು ವರ್ಷ ಎಂಬ ಅನುಮಾನ ಬಂದರೆ 12ಕ್ಕಿಂತ ದೊಡ್ಡದು ವರ್ಷ. 6 ಮತ್ತು 9ರಲ್ಲಿ ಎಚ್ಚರ, ಪಕ್ಕದ ಅಕ್ಷರ ಯಾವ ಕಡೆ ಮುಖ ಮಾಡಿದೆ ನೋಡಿ ತೀರ್ಮಾನಿಸಿ. ಓದಲಾಗದ ಅಂಕಿಯನ್ನು ಊಹಿಸದೆ ‘ಆರ್ ಎಫ್ ? 8?’ ಎಂದೇ ಬರೆಯಿರಿ. ಏನೂ ಮುದ್ರೆಯಿಲ್ಲದ .45-70 ಬೆನೆ ತೋಟಾ 1873ರಿಂದ 1877ರ ಆರಂಭದೊಳಗಿನದು, ಅಂದರೆ ಬೋಳು ತಳವೇ ಇಲ್ಲಿ ಸಾಕ್ಷಿ. ಈ ಲೆಕ್ಕವನ್ನು ರಿವಾಲ್ವರ್ ತೋಟಾಗಳಿಗೆ ಹಚ್ಚಬೇಡಿ.

ಖಾಸಗಿ ಮುದ್ರೆಗಳಲ್ಲಿ ‘ಯು.ಎಂ.ಸಿ.’ ಎಂದರೆ ಬ್ರಿಜ್‌ಪೋರ್ಟ್‌ನ ಯೂನಿಯನ್ ಮೆಟಾಲಿಕ್ ಕಾಟ್ರಿಜ್ ಕಂಪನಿ, ‘ಡಬ್ಲ್ಯು.ಆರ್.ಎ.’ ಎಂದರೆ ವಿಂಚೆಸ್ಟರ್. ಒಂಟಿ ‘ಎಚ್’ ಕಂಡೊಡನೆ 1860ರ ದಶಕದ ಹೆನ್ರಿ ರೈಫಲ್ ಎಂದು ಕುಣಿಯಬಾರದು. ವಿಂಚೆಸ್ಟರ್ ಆ ಅಕ್ಷರವನ್ನು ರಿಮ್‌ಫೈರ್ ತೋಟಾಗಳ ಮೇಲೆ ದಶಕಗಳ ಕಾಲ ಮುಂದುವರಿಸಿತು. ಕತ್ತು ಸಣ್ಣಗಾದ, 58.8 ಮಿ.ಮೀ. ಉದ್ದದ ತೋಟಾ ಸಿಕ್ಕಿದರೆ ಅದು ಕ್ರ್ಯಾಗ್ ರೈಫಲಿನ .30-40, 1890ರ ದಶಕ ಮತ್ತು ಅನಂತರದ್ದು.

ಹಂತ 6: ಕಾಲ ನಿರ್ಧರಿಸುವಾಗ

ಮುದ್ರೆ ಹೇಳುವುದು ತಯಾರಾದ ತಿಂಗಳನ್ನು, ಹಾರಿಸಿದ ದಿನವನ್ನಲ್ಲ. ‘3 81’ ಇರುವ ಪದರ 1881ಕ್ಕಿಂತ ಹಿಂದಿನದಾಗಲಾರದು, ಅಷ್ಟನ್ನು ಮಾತ್ರ ಖಚಿತವಾಗಿ ಹೇಳಬಹುದು. ಹೊರಗೆ ಕೇಪು ಇರುವ ತೋಟಾಗಳನ್ನು ಗುರಿ ಅಭ್ಯಾಸಕ್ಕಾಗಿ ಮತ್ತೆ ಮತ್ತೆ ತುಂಬುತ್ತಿದ್ದರು.

ಒಂದೇ ಬಂದೂಕಿನಿಂದ ಬಂದ ತೋಟಾಗಳನ್ನು ಜೋಡಿಸಬೇಕೆಂದರೆ ಫೈರಿಂಗ್ ಪಿನ್ನಿನ ಗುರುತು, ಎಕ್ಸ್‌ಟ್ರ್ಯಾಕ್ಟರ್ (ಖಾಲಿ ತೋಟಾ ಹೊರಗೆಳೆಯುವ ಕೊಕ್ಕೆ) ಗೀರುಗಳನ್ನು ಸೂಕ್ಷ್ಮದರ್ಶಕದಲ್ಲಿ ಹೋಲಿಸಬೇಕು. 1983ರ ಕಾಳ್ಗಿಚ್ಚಿನ ನಂತರ ಲಿಟಲ್ ಬಿಗ್‌ಹಾರ್ನ್ ರಣರಂಗದಲ್ಲಿ ನಡೆದ ಶೋಧದಲ್ಲಿ ಒಂದೊಂದು ಬಂದೂಕು ಎಲ್ಲಿಂದೆಲ್ಲಿಗೆ ಸಾಗಿತೆಂದು ಹೀಗೆಯೇ ಪತ್ತೆ ಹಚ್ಚಿದರು. ಅದು ಅಪರಾಧ ಪ್ರಯೋಗಾಲಯದ ಕೆಲಸ, ಮನೆಯಲ್ಲಿ ಆಗುವಂಥದ್ದಲ್ಲ. ಆ ಗುರುತುಗಳನ್ನು ಉಜ್ಜಿ ಅಳಿಸದಿರುವುದಷ್ಟೇ ನಿಮ್ಮ ಪಾಲು.

ಹಂತ 7: ಎತ್ತಿಡುವುದು

ಓಕ್ ಮರದ ಡ್ರಾಯರ್, ಸಾಮಾನ್ಯ ರಟ್ಟಿನ ಡಬ್ಬಿ ಸೀಸಕ್ಕೆ ವಿಷ. ಅವುಗಳಿಂದ ಹೊಮ್ಮುವ ಆಮ್ಲದ ಆವಿ ಗುಂಡನ್ನು ಬಿಳಿ ಪುಡಿಯಾಗಿಸುತ್ತದೆ. ಪಾಲಿಥೀನ್ ಚೀಲ ಅಥವಾ ಡಬ್ಬಿ, ಜೊತೆಗೆ ತಾಮ್ರ, ಹಿತ್ತಾಳೆಗೆ ಸಿಲಿಕಾ ಜೆಲ್ ಒಂದು ಪೊಟ್ಟಣ. ಚೀಟಿಯಲ್ಲಿ ಸಂಖ್ಯೆ, ಚೌಕ, ಆಳ, ಲೋಹ, ಅಂಚಿನ ವ್ಯಾಸ, ಉದ್ದ, ತೂಕ, ಪೆಟ್ಟಿನ ಗುರುತು ನಡುವೆಯೋ ಅಂಚಿನಲ್ಲೋ, ಒತ್ತುಗುರುತು ಇದೆಯೋ ಇಲ್ಲವೋ, ಮುದ್ರೆ ಕಂಡಂತೆ ಬರೆಯಿರಿ. ‘.45-70, ಬೆನೆ’ ಎಂಬ ನಿಮ್ಮ ತೀರ್ಮಾನ ಬೇರೆ ಸಾಲಿನಲ್ಲಿ, ಪೆನ್ಸಿಲ್‌ನಲ್ಲಿ ಇರಲಿ.